ಊರಿನ ಮಳೆನೀರು ಮತ್ತು ಹೊಳೆಯ ಗುಣ: ಕೋರಮಂಗಲ–ಚಲ್ಲಘಟ್ಟ ಕಣಿವೆಯ ನಿದರ್ಶನ

ಬೆಂಗಳೂರಿನ ಆಗ್ನೇಯ ದಿಕ್ಕಿನಲ್ಲಿರುವ ಅಗರದಲ್ಲಿ ಗಂಗರ ಕಾಲದ ಶಾಸನವೊಂದು ದೊರೆತಿದೆ. ಕ್ರಿ. ಶ. ಒಂಬತ್ತನೆಯ ಶತಮಾನಕ್ಕೆ ಸೇರಿದ ಈ ಶಾಸನದಲ್ಲಿ, ಎರಡು ಕೆರೆಗಳಿಗೆ ತೂಬನ್ನಿರಿಸಿ ಮತ್ತೊಂದು ಕೆರೆಯನ್ನು ಕಟ್ಟಿಸಿದವನಿಗೆ ಬಿತ್ತುವಟ್ಟವನ್ನು ಬಿಟ್ಟುಕೊಟ್ಟ ಸಂಗತಿ ಉಕ್ತವಾಗಿದೆ. ಅಗರದ ಕೆರೆ ಇಂದಿಗೂ ಇದೆ. ಅದರ ಕೋಡಿಯ ನೀರು ಕೆಳಗಿನ ಬೆಳ್ಳಂದೂರು ಕೆರೆಗೆ ಹರಿಯುತ್ತದೆ. ಅದೇ ಬೆಳ್ಳಂದೂರು ಕೆರೆಯ ಕೋಡಿಯಲ್ಲಿ ೨೦೧೫ರ ಮೇ ತಿಂಗಳಿನಲ್ಲಿ ಆಳೆತ್ತರದ ನೊರೆಯೆದ್ದು, ಆ ನೊರೆಗೆ ಬೆಂಕಿ ಹತ್ತಿ ಉರಿದುದನ್ನು ಲೋಕವೆಲ್ಲ ಚಿತ್ರಗಳಲ್ಲಿ ಕಂಡಿತು. ೨೦೧೭ರ ಫೆಬ್ರವರಿಯಲ್ಲಿಯೂ ೨೦೧೮ರ ಜನವರಿಯಲ್ಲಿಯೂ ಕೆರೆಯಂಗಳದಿಂದ ಮತ್ತೆ ಹೊಗೆಯೆದ್ದಿತು. ಒಂದೇ ಜಲಮಾರ್ಗದ ಮೇಲೆ, ಸುಮಾರು ಹನ್ನೊಂದು ಶತಮಾನಗಳ ಅಂತರದಲ್ಲಿ ದೊರೆಯುವ ಈ ಎರಡು ಸಾಕ್ಷ್ಯಗಳೇ ನಮ್ಮನ್ನು ಪ್ರಕೃತ ವಿಷಯದ ಕಡೆಗೆ ಎಳೆದವು.

ನಮಗೆ ಮೊದಲು ಸೋಜಿಗವೆನಿಸಿದುದು ನೊರೆಯಲ್ಲ, ಅದು ಏಳುವ ಕಾಲ. ಕೊಳಚೆಯೇ ಇದಕ್ಕೆಲ್ಲ ಏಕಮಾತ್ರ ಕಾರಣವಾಗಿದ್ದರೆ ನೀರು ಕಡಮೆಯಾಗಿ ಕೊಳಚೆ ಗಟ್ಟಿಯಾಗುವ ಕಡುಬೇಸಗೆಯಲ್ಲಿ ನೊರೆ ಮಿತಿಮೀರಬೇಕು. ಮಳೆ ಸುರಿದಾಗ ಕೊಳಚೆ ತೆಳುವಾಗಿ ನೊರೆ ಅಡಗಬೇಕು. ಆದರೆ ರಾತ್ರಿಯಿಡೀ ಮಳೆ ಹೊಯ್ದ ಮರುದಿನ ಬೆಳಗ್ಗೆಯೇ ನೊರೆ ಉಕ್ಕಿ ರಸ್ತೆಗೆ ಬಂದುದನ್ನು ಆ ಭಾಗದ ಜನರು ಮತ್ತೆ ಮತ್ತೆ ಕಂಡಿದ್ದಾರೆ. ಮಳೆನೀರು ಶುದ್ಧವಾದುದು, ಅದು ಬಿದ್ದರೆ ಹೊಳೆ ತೊಳೆದುಹೋಗುತ್ತದೆ ಎಂಬ ನಮ್ಮೆಲ್ಲರ ನಂಬಿಕೆಗೆ ಇದು ಒಗ್ಗುವುದಿಲ್ಲ. ಊರಿನ ನೆಲದ ಮೇಲೆ ಬಿದ್ದು ಹರಿದ ಮಳೆಯ ನೀರು, ಎಂದರೆ ಮೇಲ್ಹರಿವು, ಹೊಳೆಯ ಗುಣವನ್ನು ಹೇಗೆ ಮಾರ್ಪಡಿಸುತ್ತದೆ ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ. ಬೆಳ್ಳಂದೂರಿನ ದುರವಸ್ಥೆಗೆ ಒಳಚರಂಡಿಯ ಕೊಳಚೆಯೇ ಪ್ರಧಾನ ಕಾರಣವೆಂಬುದನ್ನು ನಾವು ಅಲ್ಲಗಳೆಯುತ್ತಿಲ್ಲ. ಕೊಳಚೆಯೆಲ್ಲವನ್ನೂ ತಡೆದ ಮೇಲೂ ಉಳಿಯುವ ಕೇಡೊಂದಿದೆ. ಅದು ಸಾಕಷ್ಟು ಗಮನಕ್ಕೆ ಬಂದಿಲ್ಲವೆಂಬುದಷ್ಟೇ ನಮ್ಮ ವಾದ. ರಸಾಯನವನ್ನು ಬಲ್ಲವರ ಕ್ಷೇತ್ರಕ್ಕೆ ಇತಿಹಾಸದ ಅಧ್ಯಾಪಕರು ಕಾಲಿಡುವುದು ಸಲ್ಲದೆಂದು ಕೆಲವರಿಗೆ ತೋರಬಹುದು. ಆದರೆ ಕಾಲುವೆ ಮನುಷ್ಯನ ಕೃತಿ. ಅದರಲ್ಲಿ ಏನು ಹರಿಯಬೇಕೆಂದು ಗೊತ್ತುಮಾಡಿದವನೂ ಮನುಷ್ಯನೇ. ಆದುದರಿಂದ ಈ ಪ್ರಶ್ನೆಯಲ್ಲಿ ಅರ್ಧಭಾಗವಾದರೂ ಇತಿಹಾಸಕ್ಕೆ ಸೇರಿದೆ.

ಮೊದಲು ನೆಲದ ಸ್ವರೂಪ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದ ದಿಬ್ಬದ ನೆತ್ತಿಯ ಮೇಲೆ ಕುಳಿತಿರುವ ಊರು. ಹೊರಗಿನಿಂದ ಹರಿದುಬರುವ ನದಿ ಅದಕ್ಕಿಲ್ಲ. ಇಲ್ಲಿಯ ಹಳ್ಳಗಳೆಲ್ಲ ಊರಿನೊಳಗೇ ಹುಟ್ಟಿ ಹೊರಕ್ಕೆ ಹರಿಯತಕ್ಕವು. ಪಶ್ಚಿಮದ ವೃಷಭಾವತಿ ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಹೆಬ್ಬಾಳದ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟದ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈ ಕೊನೆಯ ಕಣಿವೆಯಲ್ಲಿ ಮೂರು ಕವಲುಗಳಿವೆ: ಜಯಮಹಲಿನ ಕಡೆಯಿಂದ ಬರುವುದೊಂದು, ಕೃಷ್ಣರಾಜ ಮಾರುಕಟ್ಟೆಯ ಸುತ್ತಿನ ಹಳೆಯ ಪೇಟೆಯಿಂದ ಬರುವುದೊಂದು, ಹುಳಿಮಾವಿನ ಕಡೆಯಿಂದ ಬರುವುದೊಂದು. ಮೂರೂ ಸುಮಾರು ೯೦೦ ಎಕರೆಯ ಬೆಳ್ಳಂದೂರು ಕೆರೆಯಲ್ಲಿ ಕೂಡುತ್ತವೆ. ಅಲ್ಲಿಂದ ವರ್ತೂರು ಕೆರೆ, ಅಲ್ಲಿಂದ ಮುಂದೆ ಪಿನಾಕಿನಿ. ಹೀಗೆ ನಡುವೂರಿನ ಬೀದಿಯೊಂದರಲ್ಲಿ ಬಿದ್ದ ಹನಿಯೇ ಈ ಹೊಳೆಯ ಮೂಲ. ಬೇರೆ ನದಿಗಳಿಗೆ ಪಟ್ಟಣದ ನೀರು ನಡುದಾರಿಯಲ್ಲಿ ಬಂದು ಬೆರೆಯುತ್ತದೆ; ಇಲ್ಲಿ ಪಟ್ಟಣದ ನೀರೇ ಹೊಳೆ.

ಈ ಹೊಳೆಯಲ್ಲಿ ಮೊದಲು ಕೆಟ್ಟದ್ದು ನೀರಿನ ಪ್ರಮಾಣ ಹಾಗೂ ವೇಗ. ಗುಣ ಕೆಟ್ಟುದು ಅದರ ಹಿಂದೆಯೇ. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ೧೦ ಮಿಲಿಮೀಟರ್ ಮಳೆ ಸುರಿದರೆ ಬಿದ್ದ ನೀರು ಒಂದು ಕೋಟಿ ಲೀಟರ್. ಆ ನೆಲ ಹೊಲವೋ ತೋಪೋ ಆಗಿದ್ದರೆ ಇಷ್ಟು ಮಳೆಯ ಬಹುಪಾಲು ಮಣ್ಣಿನಲ್ಲಿ ಇಂಗುತ್ತದೆ. ಅದೇ ನೆಲ ತಾರಸಿ, ಡಾಂಬರು, ಕಾಂಕ್ರೀಟುಗಳಿಂದ ಮುಚ್ಚಿಹೋಗಿದ್ದರೆ ಬಹುಪಾಲು ಕಾಲುವೆಗೆ ಬೀಳುತ್ತದೆ, ಅದೂ ಗಳಿಗೆಗಳೊಳಗೆ. ಭಾರತೀಯ ವಿಜ್ಞಾನ ಸಂಸ್ಥೆಯವರು ಉಪಗ್ರಹದ ಚಿತ್ರಗಳಿಂದ ಗುಣಿಸಿರುವಂತೆ, ೧೯೭೩ರಲ್ಲಿ ಬೆಂಗಳೂರಿನ ನೆಲದಲ್ಲಿ ನೂರಕ್ಕೆ ಸುಮಾರು ೮ ಪಾಲು ಮಾತ್ರ ಕಟ್ಟಡ, ರಸ್ತೆಗಳಿಂದ ಆವೃತವಾಗಿತ್ತು. ನಾಲ್ಕು ದಶಕಗಳ ತರುವಾಯ ಅದು ಅರ್ಧವನ್ನು ದಾಟಿತ್ತು. ಇದರ ಅರ್ಥ ತಿಳಿಯಬೇಕಾದರೆ ರಿಚರ್ಡ್ ಕ್ಲೈನ್ ಎಂಬವರು ಅಮೆರಿಕದ ಮೇರಿಲೆಂಡ್ ಪ್ರಾಂತದ ಹಳ್ಳಗಳನ್ನು ಪರೀಕ್ಷಿಸಿ ೧೯೭೯ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ನೆನೆಯಬೇಕು: ಜಲಾನಯನದಲ್ಲಿ ನೀರಿಳಿಯದ ನೆಲ ನೂರಕ್ಕೆ ೧೨ರಷ್ಟಾದಾಗಲೇ ಹಳ್ಳದ ಜೀವಿಗಳಲ್ಲಿ ಕ್ಷೀಣತೆ ತೋರತೊಡಗುತ್ತದೆ, ೩೦ರಷ್ಟಾದಾಗ ಅದು ತೀವ್ರವಾಗುತ್ತದೆ. ಮೇರಿಲೆಂಡಿನ ಸಂಖ್ಯೆಗಳನ್ನು ದಖ್ಖನಿನ ನೆಲಕ್ಕೆ ಹಾಗೆಯೇ ಅನ್ವಯಿಸುವುದು ಸಾಧುವಲ್ಲ. ಆದರೂ ನಮ್ಮ ಕಣಿವೆ ಆ ಎರಡು ಮೇರೆಗಳನ್ನೂ ಬಹಳ ಹಿಂದೆಯೇ ದಾಟಿದೆಯೆಂಬುದರಲ್ಲಿ ಸಂದೇಹವಿಲ್ಲ.

ರಭಸದಿಂದ ಬರುವ ನೀರು ಹಳ್ಳದ ದಡವನ್ನು ಕೊರೆಯುತ್ತದೆ. ಊರು ಕಟ್ಟುವ ಕಾಲದಲ್ಲಂತೂ ಅಗೆದುಬಿಟ್ಟ ಬರಿಮಣ್ಣು ಹೊಳೆಗೆ ಬರುವ ಪರಿಮಾಣ, ಹೊಲಗಳಿದ್ದ ಕಾಲಕ್ಕಿಂತ ನೂರು ಪಟ್ಟಿಗೂ ಮೀರಬಹುದೆಂದು ಗಾರ್ಡನ್ ವೋಲ್ಮನ್ ೧೯೬೭ರಲ್ಲಿ ತೋರಿಸಿದರು. ಬೆಂಗಳೂರಿನ ಅಂಚಿನಲ್ಲಿ ಈ ಕಟ್ಟುವ ಕಾಲ ಐವತ್ತು ವರ್ಷಗಳಾದರೂ ಮುಗಿದಿಲ್ಲ.

ಇನ್ನು ಬೀದಿಯ ಕೊಳೆಯ ವಿಚಾರ. ಮಳೆಯಿಲ್ಲದ ದಿನಗಳಲ್ಲಿ ರಸ್ತೆಯ ಮೇಲೆ ಏನೇನು ಕೂಡುತ್ತದೆಂಬುದನ್ನು ನಾವು ದಿನವೂ ಕಾಣುತ್ತೇವೆ: ಸಗಣಿ, ನಾಯಿಯ ಮಲ, ತರಗೆಲೆ, ಮಾರುಕಟ್ಟೆಯ ಕೊಳೆತ ಸೊಪ್ಪು. ಕಣ್ಣಿಗೆ ಕಾಣದೆ ಕೂಡುವುದೇ ಹೆಚ್ಚು ಕೆಡುಕಿನದು. ವಾಹನದ ಹೊಗೆಯ ಮಸಿ, ಸುರಿದ ಎಣ್ಣೆ, ಸವೆದ ಟೈರಿನ ಪುಡಿ, ಬ್ರೇಕಿನ ತಾಮ್ರದ ಧೂಳು, ತಗಡಿನ ಮಾಡಿನಿಂದ ಕರಗಿ ಬಂದ ಸತು ಇವೆಲ್ಲ ಈ ಗುಂಪಿನವು. ೧೯೭೨ರಲ್ಲಿ ಸಾರ್ಟರ್ ಮತ್ತು ಬಾಯ್ಡ್ ಎಂಬವರು ಅಮೆರಿಕದ ಹಲವು ನಗರಗಳ ಬೀದಿಗಳ ಕಸವನ್ನು ಸಂಗ್ರಹಿಸಿ ಜರಡಿಯಾಡಿ ನೋಡಿದರು. ೪೩ ಮೈಕ್ರಾನಿಗಿಂತ, ಎಂದರೆ ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿಗಿಂತಲೂ, ನಯವಾದ ಧೂಳು ಒಟ್ಟು ತೂಕದಲ್ಲಿ ನೂರಕ್ಕೆ ೬ರಷ್ಟು ಮಾತ್ರವೇ ಇತ್ತು. ಆದರೆ ಭಾರಲೋಹಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು, ಪಾಚಿಯನ್ನು ಬೆಳೆಸುವ ಸಾರಜನಕ, ರಂಜಕಗಳಲ್ಲಿ ಮೂರನೆಯ ಒಂದರಿಂದ ಅರ್ಧದವರೆಗಿನ ಪಾಲು ಆ ಧೂಳಿನಲ್ಲಿಯೇ ಅಡಗಿತ್ತು. ಆ ಕಾಲದ ಗುಡಿಸುವ ಯಂತ್ರಗಳು ಈ ನಯವಾದ ಧೂಳಿನ ಬಹುಭಾಗವನ್ನು ಬೀದಿಯಲ್ಲಿಯೇ ಬಿಟ್ಟುಹೋಗುತ್ತಿದ್ದುವು. ಪೊರಕೆಗೆ ಸಿಕ್ಕದ್ದು ಮಳೆಗೆ ಸಿಕ್ಕುತ್ತದೆ. ಬೆಳಗಿನ ಜಾವದಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕರ ಶ್ರಮ ವ್ಯರ್ಥವೆಂದು ಇದರಿಂದ ಯಾರೂ ಭಾವಿಸಬಾರದು. ಅವರು ಎತ್ತುವ ಕಸವೂ ಹೊಳೆಗೆ ಬೀಳತಕ್ಕದ್ದೇ. ಅವರ ಕೈಗೆ ನಿಲುಕದ ಭಾಗವೊಂದಿದೆ ಎಂಬುದಷ್ಟೇ ಇಲ್ಲಿಯ ತಾತ್ಪರ್ಯ.

ತಿಂಗಳುಗಟ್ಟಲೆ ಕೂಡಿದ್ದು ಮಳೆಯ ಮೊದಲ ಕೆಲವು ನಿಮಿಷಗಳಲ್ಲಿಯೇ ತೊಳೆದು ಬರುವುದನ್ನು ಶಾಸ್ತ್ರಜ್ಞರು ಮೊದಲ ತೊಳೆತವೆಂದು ಕರೆಯುತ್ತಾರೆ. ಜನವರಿಯಿಂದ ಮಾರ್ಚಿಯವರೆಗೆ ಬಹುಮಟ್ಟಿಗೆ ಒಣಗಿರುವ ನಮ್ಮ ಊರಿನಲ್ಲಿ ಅಶ್ವಿನಿ, ಭರಣಿ ಮಳೆಗಳು ಈ ಕೆಲಸವನ್ನು ಮಾಡುತ್ತವೆ. ಅಂಥದೊಂದು ಸಂಜೆ ನಾವು ಕೆಲವರು ವಿದ್ಯಾರ್ಥಿಗಳೊಡನೆ ಈ ಕಣಿವೆಯ ರಾಜಕಾಲುವೆಯ ಮೇಲಣ ಸೇತುವೆಯಲ್ಲಿ ನಿಂತಿದ್ದೆವು. ಮಳೆ ಹಿಡಿದು ಕಾಲು ಗಂಟೆಯಾಗುವುದರೊಳಗೆ ಕೆಳಗಿನ ನೀರು ಮೊಣಕಾಲುದ್ದದಿಂದ ಆಳುದ್ದಕ್ಕೆ ಏರಿತು. ಮೊದಲು ಬಂದದ್ದು ಮಸಿಯಂತೆ ಕಪ್ಪಾದ ನೀರು. ಅದರ ಮೇಲೆ ಎಣ್ಣೆಯ ಬಣ್ಣಬಣ್ಣದ ಪೊರೆ. ಅರ್ಧ ಗಂಟೆಯ ತರುವಾಯ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಕೆಂಪುನೀರು ಬಂದಾಗ ವಿದ್ಯಾರ್ಥಿಗಳಲ್ಲೊಬ್ಬ, 'ಈಗ ಹೊಳೆ ಕೊಳೆಯಾಯಿತು, ಸಾರ್' ಎಂದ. ಕಣ್ಣು ಹೇಗೆ ಮೋಸಹೋಗುತ್ತದೆ! ಆ ಹೊತ್ತಿಗೆ ಹೆಚ್ಚು ಕೆಡುಕಿನ ನೀರು ಸೇತುವೆಯನ್ನು ದಾಟಿ ಬೆಳ್ಳಂದೂರಿನ ದಾರಿ ಹಿಡಿದಿತ್ತು.

ಮಳೆಯ ಮರುದಿನದ ನೊರೆಯ ಒಗಟನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬಹುಮಟ್ಟಿಗೆ ಬಿಡಿಸಿದ್ದಾರೆ. ಬಟ್ಟೆ ಪಾತ್ರೆ ತೊಳೆಯುವ ಮಾರ್ಜಕಗಳಲ್ಲಿ ನೊರೆಯನ್ನುಂಟುಮಾಡುವ ದ್ರವ್ಯ ಕೊಳಚೆಯೊಡನೆ ಕೆರೆಗೆ ಬಂದು, ಆಮ್ಲಜನಕವಿಲ್ಲದ ತಳದಲ್ಲಿ ಕೊಳೆಯದೆ, ಬಗ್ಗಡಕ್ಕೆ ಅಂಟಿಕೊಂಡು ಕುಳಿತಿರುತ್ತದೆ. ಹೀಗೆ ಶೇಖರವಾದಾಗ ಅದರ ಸಾಂದ್ರತೆ ಮೂಲದ ಇನ್ನೂರು ಪಟ್ಟಿನವರೆಗೂ ಏರಬಹುದೆಂದು ಅವರು ಕಂಡರು. ಭಾರಿ ಮಳೆಯ ರಾತ್ರಿ ಮೇಲ್ಹರಿವು ನುಗ್ಗಿ ಈ ಬಗ್ಗಡವನ್ನು ಕದಡುತ್ತದೆ. ಅಂಟಿಕೊಂಡಿದ್ದ ದ್ರವ್ಯ ಬಿಡಿಸಿಕೊಂಡು ನೀರಿಗೆ ಬೆರೆಯುತ್ತದೆ. ಕೆರೆ ತುಂಬಿ ಕೋಡಿಯಿಂದ ಎತ್ತರದಿಂದ ಧುಮುಕುವಾಗ ಗಾಳಿ ಸೇರಿ ನೊರೆಯೇಳುತ್ತದೆ. ಮಳೆಯ ನೀರು ಹೊತ್ತುತಂದ ಕಣಗಳೂ ಅವುಗಳಲ್ಲಿರುವ ಬ್ಯಾಕ್ಟೀರಿಯಗಳೂ ಆ ನೊರೆ ಬೇಗನೆ ಒಡೆಯದಂತೆ ಕಾಯುತ್ತವೆಂದು ತೋರುತ್ತದೆ. ಕೊಳಚೆ ಕೂಡಿಟ್ಟದ್ದನ್ನು ಮಳೆ ಬಿಚ್ಚಿತೆಂದು ಹೇಳಬಹುದು. ಮನೆಯ ಕೊಳಚೆ, ಬೀದಿಯ ನೀರು ಎಂಬ ಎರಡನ್ನು ನಮ್ಮ ಕಚೇರಿಗಳು ಎರಡು ಕಡತಗಳಲ್ಲಿಟ್ಟರೂ ಕೆರೆ ಅವನ್ನು ಒಂದಾಗಿಯೇ ಸ್ವೀಕರಿಸುತ್ತದೆ.

ಮೀನುಗಳ ಸಾವಿಗೆ ನೊರೆಯಷ್ಟು ಪ್ರಚಾರ ದೊರೆತಿಲ್ಲ. ಮುಂಗಾರಿಗೆ ಮೊದಲಿನ ಮಳೆ ಬಿದ್ದ ಬೆಳಗ್ಗೆ ಬೆಂಗಳೂರಿನ ಕೆರೆಗಳಲ್ಲಿ ಮೀನು ಸತ್ತು ತೇಲಿದ ಸುದ್ದಿ ಹಲವು ವರ್ಷಗಳಿಂದ ಬರುತ್ತಲೇ ಇದೆ. ಬೀದಿಯ ಸಾವಯವ ಕೊಳೆಯೂ ಕಾಲುವೆಯ ತಳದ ಕೊಳೆಯೂ ಒಮ್ಮೆಲೇ ನೀರಿಗೆ ಬಂದಾಗ, ಅದನ್ನು ಅರಗಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿಬಿಡುತ್ತವೆ. ಕಾದ ಡಾಂಬರಿನ ಮೇಲೆ ಹರಿದು ಬೆಚ್ಚಗಾದ ನೀರಿಗೆ ಆಮ್ಲಜನಕವನ್ನು ಹಿಡಿದಿಡುವ ಶಕ್ತಿಯೂ ಕಡಮೆ. ೨೦೧೬ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತಾಗಲೂ ಆಮ್ಲಜನಕದ ಕೊರತೆಯೇ ಕಾರಣವಾಗಿ ಹೇಳಲ್ಪಟ್ಟಿತು. ಅದು ಈ ಕಣಿವೆಯದೇ ಕೆರೆ.

ಆದರೆ ಕೊಳಚೆ ಲೇಶವೂ ಇಲ್ಲದ ಹೊಳೆಯಲ್ಲಿ ಬೀದಿಯ ನೀರೊಂದೇ ಏನು ಮಾಡೀತು? ನಮ್ಮಲ್ಲಿ ಅಂಥ ಹೊಳೆ ಇಲ್ಲವಾದುದರಿಂದ ಇದನ್ನು ತಿಳಿಯಲು ದೂರ ಹೋಗಬೇಕಾಗಿದೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಕೆಟ್ಟುಹೋಗಿದ್ದ ಹಳ್ಳಗಳನ್ನು ೧೯೯೦ರ ದಶಕದಲ್ಲಿ ಬಹು ವೆಚ್ಚದಿಂದ ಸರಿಪಡಿಸಿದರು. ಕೋಹೋ ಎಂಬ ಜಾತಿಯ ಸಾಲ್ಮನ್ ಮೀನು ಕಡಲಿನಿಂದ ಮತ್ತೆ ಅಲ್ಲಿಗೆ ಮೊಟ್ಟೆಯಿಡಲು ಬಂದಿತು. ಆದರೆ ಶರತ್ಕಾಲದ ಮಳೆ ಬಿದ್ದೊಡನೆ ಹೊಟ್ಟೆಯ ತುಂಬ ಮೊಟ್ಟೆಯಿದ್ದ ಹೆಣ್ಣುಮೀನುಗಳು ತೊಳಲಾಡಿ ಸತ್ತವು. ಹಲವು ವರ್ಷಗಳಲ್ಲಿ ಬಂದವುಗಳಲ್ಲಿ ಅರ್ಧಕ್ಕೂ ಹೆಚ್ಚು ಹೀಗೆ ಅಳಿದವು. ಎರಡು ದಶಕಗಳ ಹುಡುಕಾಟದ ಮೇಲೆ ೨೦೨೦ರ ಡಿಸೆಂಬರಿನಲ್ಲಿ ಕಾರಣ ಹೊರಬಿದ್ದಿತು. ಟೈರಿನ ರಬ್ಬರು ಬಿರಿಯದಂತೆ ಸೇರಿಸುವ ಒಂದು ರಾಸಾಯನಿಕ, ಗಾಳಿಯ ಓಝೋನಿನೊಡನೆ ಕೂಡಿ ಇನ್ನೊಂದು ವಸ್ತುವಾಗಿ ಮಾರ್ಪಟ್ಟು, ಅತ್ಯಲ್ಪ ಪ್ರಮಾಣದಲ್ಲಿಯೇ ಆ ಮೀನನ್ನು ಕೊಲ್ಲುತ್ತಿತ್ತು. ವಿಶೇಷವೆಂದರೆ ಅದೇ ಕುಲದ ಚಮ್ ಎಂಬ ಸಾಲ್ಮನ್ನಿಗೆ ಆ ನೀರಿನಿಂದ ಬಾಧೆಯಿಲ್ಲ. ಆದುದರಿಂದ ನಮ್ಮ ಕೆರೆಗಳ ಮೀನಿಗೂ ಅದೇ ಗತಿಯೆಂದು ಊಹಿಸುವುದು ಆತುರದ ಮಾತಾದೀತು. ಕೊಳಚೆಯನ್ನು ನಿಲ್ಲಿಸಿ, ದಡ ಕಟ್ಟಿ, ಗಿಡ ನೆಟ್ಟಮಾತ್ರಕ್ಕೆ ಹೊಳೆ ಬದುಕಲಾರದೆಂಬುದು ಮಾತ್ರ ಸಿಯಾಟಲಿನಿಂದ ಸಿದ್ಧಪಟ್ಟಿತು.

ಇಂಥ ನೀರು ಶುದ್ಧವೆಂಬ ಭಾವನೆ ನಮ್ಮಲ್ಲಿ ಹೇಗೆ ಬೇರೂರಿತು? ೧೮೯೮ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಚರಂಡಿಯ ಪ್ರಶ್ನೆ ಮುಂಚೂಣಿಗೆ ಬಂದಿತು; ೧೯೨೨ರಿಂದ ಒಳಚರಂಡಿಯ ಕೆಲಸ ಆರಂಭವಾಯಿತು. ಕೊಳಚೆಗೊಂದು, ಮಳೆನೀರಿಗೊಂದು ಎಂದು ಎರಡು ದಾರಿಗಳನ್ನು ಬೇರ್ಪಡಿಸುವ ಕ್ರಮವನ್ನು ನಮ್ಮ ನಗರ ಅನುಸರಿಸಿತು. ಮಳೆನೀರಿಗೆ ಹೊಸ ದಾರಿ ಬೇಕಾಗಿರಲಿಲ್ಲ. ಕೆರೆಯಿಂದ ಕೆರೆಗೆ ನೀರೊಯ್ಯುತ್ತಿದ್ದ ಹಳೆಯ ರಾಜಕಾಲುವೆಗಳೇ ಅದಕ್ಕೆ ಒದಗಿದವು. ಈ ಏರ್ಪಾಡು ಕಾಗದದ ಮೇಲೆ ನಿರ್ದುಷ್ಟವಾದುದು. ಆದರೆ ಬೇರ್ಪಡಿಸಿದುದರ ಒಂದು ಫಲವನ್ನು ನಾವು ಗಮನಿಸಿಲ್ಲ: ಕೊಳಚೆಗೆ ಶುದ್ಧೀಕರಣದ ಸ್ಥಾವರ ದೊರೆಯಿತು, ಮಳೆನೀರಿಗೆ ಶುದ್ಧವೆಂಬ ಹೆಸರು ದೊರೆಯಿತು. ಮುಂದೆ ಒಳಚರಂಡಿ ಮುಟ್ಟದ ಬಡಾವಣೆಗಳ ಕೊಳಚೆ ರಾಜಕಾಲುವೆಗೇ ಬಿದ್ದು, ಆ ಹೆಸರೂ ಹುಸಿಯಾಯಿತು. ೧೯೭೪ರ ಜಲಮಾಲಿನ್ಯ ನಿವಾರಣಾ ಅಧಿನಿಯಮದಲ್ಲಿ ಮಾಲಿನ್ಯವೆಂಬ ಪದದ ಅರ್ಥವ್ಯಾಪ್ತಿ ವಿಶಾಲವಾಗಿದೆಯಾದರೂ ಹೆಸರು ಹಿಡಿದು ನಿರ್ವಚಿಸಿರುವುದು ಕೊಳಚೆಯ ಹರಿವನ್ನು ಹಾಗೂ ಉದ್ಯಮಗಳ ಹರಿವನ್ನು. ಬೀದಿಯ ಮಳೆನೀರಿಗೆ ಅಲ್ಲಿ ತನ್ನದೇ ಆದ ಹೆಸರಿಲ್ಲ. ಅಮೆರಿಕದಲ್ಲಿ ೧೯೮೭ರ ತಿದ್ದುಪಡಿಯಿಂದ ಪಟ್ಟಣಗಳ ಮಳೆಗಾಲುವೆಗಳಿಗೂ ಪರವಾನಗಿ ಬೇಕಾಯಿತು.

ಅಷ್ಟರಲ್ಲಿ ಕೆರೆಗಳ ಸರಪಳಿಯೂ ಅಲ್ಲಲ್ಲಿ ತುಂಡಾಗಿತ್ತು. ಕೆಂಪೇಗೌಡನ ಊರಿನ ಧರ್ಮಾಂಬುಧಿ ಕೆರೆಯ ಅಂಗಳ ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಇವುಗಳಿಂದ ನೀರಿನ ಸಂಗ್ರಹ ಕುಗ್ಗಿತೆಂದು ಎಲ್ಲರೂ ಹೇಳುತ್ತಾರೆ. ನೀರಿನ ಗುಣಕ್ಕೆ ಆದ ನಷ್ಟವನ್ನು ಹೇಳುವವರು ವಿರಳ. ಮೇಲಣ ಕೆರೆಯಲ್ಲಿ ನೀರು ನಿಂತು, ಮಣ್ಣು ತಳಕ್ಕಿಳಿದು, ತಿಳಿಯಾದದ್ದು ಮಾತ್ರ ಕೋಡಿಬಿದ್ದು ಕೆಳಗಿನ ಕೆರೆಗೆ ಹೋಗುತ್ತಿತ್ತು. ಕೆರೆಯ ಬಾಯಲ್ಲಿದ್ದ ಜೊಂಡು ಸಾರಜನಕ ರಂಜಕಗಳನ್ನು ಹೀರುತ್ತಿತ್ತು. ಹಿಂದಿನವರು ಇದನ್ನು ಶುದ್ಧೀಕರಣವೆಂದು ಕರೆಯಲಿಲ್ಲ, ಪ್ರಾಯಶಃ ಆ ಉದ್ದೇಶವೂ ಅವರಿಗಿರಲಿಲ್ಲ. ಹಳೆಯದೆಲ್ಲದರಲ್ಲಿಯೂ ವಿಜ್ಞಾನವನ್ನು ಕಾಣುವ ಈಗಿನ ಅಭ್ಯಾಸ ನಮಗೆ ಒಪ್ಪಿಗೆಯಾದುದಲ್ಲ. ಉದ್ದೇಶವಿಲ್ಲದಿದ್ದರೂ ಕೆಲಸ ನಡೆಯುತ್ತಿತ್ತು. ಕೊಂಡಿ ಕಳಚಿದಾಗ ಅದು ನಿಂತಿತು.

ಇದು ಬೆಂಗಳೂರಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿದ್ದರೆ ಮಾಡಿದವರೇ ಉಣ್ಣುತ್ತಾರೆಂದು ಸುಮ್ಮನಿರಬಹುದಾಗಿತ್ತು. ವರ್ತೂರನ್ನು ದಾಟಿದ ನೀರು ಪಿನಾಕಿನಿಯ ಮೂಲಕ ತಮಿಳುನಾಡಿಗೆ ಹೋಗುತ್ತದೆ. ಹೊಸೂರಿನ ಬಳಿಯ ಕೆಳವರಪಳ್ಳಿ ಜಲಾಶಯದಲ್ಲಿಯೂ ನೊರೆ ಕಾಣಿಸಿಕೊಂಡಿದೆ. ೨೦೧೮ರ ಜೂನ್ ತಿಂಗಳಿನಿಂದ ಈ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಏರಿಸಿ ಹರಿಸಲಾಗುತ್ತಿದೆ. ಬರದಿಂದ ಬೆಂದಿದ್ದ ಆ ನಾಡಿನಲ್ಲಿ ಒಣಗಿದ ಕೆರೆಗಳು ತುಂಬಿದುದು ಸಣ್ಣ ಮಾತಲ್ಲ. ಆ ನೀರಿನ ಗುಣದ ಬಗ್ಗೆ ಶಂಕೆಯೆದ್ದು ವಿಷಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದುದೂ ಸಣ್ಣ ಮಾತಲ್ಲ. ಸ್ಥಾವರದಿಂದ ಹೊರಡುವ ನೀರಿಗೆ ಪರೀಕ್ಷೆಯುಂಟು. ಕಾಲುವೆಯಲ್ಲಿ ಮಳೆಯೊಡನೆ ಹೊಳೆಗೆ ಹೋಗುವ ನೀರಿಗೆ ಮೊದಲ ಅರ್ಧ ಗಂಟೆಯಲ್ಲಿ ಯಾವ ಪರೀಕ್ಷೆಯೂ ಸಕಾಲಕ್ಕೆ ಒದಗುವುದಿಲ್ಲ. ತಿಂಗಳಿಗೊಮ್ಮೆ ಹಗಲಿನಲ್ಲಿ ಬಂದು ಸೀಸೆಯಲ್ಲಿ ನೀರು ತುಂಬಿಕೊಳ್ಳುವ ಪದ್ಧತಿಯಿಂದ ಭರಣಿ ಮಳೆಯ ಸಂಜೆಯನ್ನು ಹಿಡಿಯಲಾಗದು.

ಪರಿಹಾರದ ಮಾತು ಇಂಜಿನಿಯರುಗಳಿಗೆ ಸೇರಿದ್ದು. ಒಂದೆರಡನ್ನು ಮಾತ್ರ ಸೂಚಿಸುತ್ತೇವೆ. ೨೦೦೯ರಲ್ಲಿ ಬೆಂಗಳೂರಿನ ಮನೆಗಳಿಗೆ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದುದು ತಾರಸಿಯ ನೀರನ್ನಷ್ಟು ಮಟ್ಟಿಗೆ ಕಾಲುವೆಯಿಂದ ಹೊರಗಿಟ್ಟಿತು, ಆದರೆ ರಸ್ತೆಯ ನೀರಿಗೆ ಅದು ಅನ್ವಯಿಸುವುದಿಲ್ಲ. ರಸ್ತೆಯ ಬದಿಯಲ್ಲಿ ಮರಳು ಮಣ್ಣು ಹುಲ್ಲುಗಳ ತಗ್ಗುಪಟ್ಟಿಗಳನ್ನು ಮಾಡಿ ಮೊದಲ ನೀರನ್ನು ಅಲ್ಲಿಯೇ ಇಂಗಿಸುವ ಕ್ರಮ ಹಲವು ದೇಶಗಳಲ್ಲಿ ರೂಢಿಗೆ ಬಂದಿದೆ. ಸಿಯಾಟಲಿನ ಕಡೆಯ ಪ್ರಯೋಗಗಳಲ್ಲಿ ಇಂಥ ಮಣ್ಣಿನ ಮೂಲಕ ಸೋಸಿದ ರಸ್ತೆಯ ನೀರಿನಲ್ಲಿ ಕೋಹೋ ಮೀನು ಬದುಕಿ ಉಳಿಯಿತು. ನಮ್ಮಲ್ಲಿಯೇ ಜಕ್ಕೂರು ಕೆರೆಯ ಬಾಯಲ್ಲಿ ಜೊಂಡಿನ ಜೌಗುನೆಲವನ್ನು ಉಳಿಸಿ, ಸಂಸ್ಕರಿಸಿದ ನೀರನ್ನು ಅದರ ಮೂಲಕ ಹಾಯಿಸಿದ್ದಾರೆ. ಕಾಲುವೆಯ ತಳಕ್ಕೂ ದಡಕ್ಕೂ ಕಾಂಕ್ರೀಟು ಮೆತ್ತುವುದರಿಂದ ಮಾತ್ರ ನೀರು ಇನ್ನಷ್ಟು ಬೇಗ ಓಡೀತೇ ಹೊರತು ತಿಳಿಯಾಗದು.

ಕೊನೆಯದಾಗಿ ಕೆರೆಯ ಗೋಡಿನ ವಿಚಾರ. ಹೂಳೆತ್ತುವ ಬಂಡಿಗಾಗಿ ದತ್ತಿ ಬಿಟ್ಟ ಶಾಸನಗಳು ಕನ್ನಡನಾಡಿನಲ್ಲಿ ದೊರೆಯುತ್ತವೆ. ಬೇಸಗೆಯಲ್ಲಿ ಕೆರೆಗೋಡನ್ನು ಹೊಲಕ್ಕೆ ಹೊಡೆಯುವುದು ಒಕ್ಕಲಿಗನಿಗೆ ಹಬ್ಬದ ಕೆಲಸವಾಗಿತ್ತು, ಏಕೆಂದರೆ ಮೇಲಿನ ಹೊಲಗಳಿಂದ ಕೊಚ್ಚಿಬಂದ ಸಾರವೆಲ್ಲ ಅದರಲ್ಲಿತ್ತು. ಈಗಲೂ ಮೇಲಿನಿಂದ ಬಂದುದೆಲ್ಲ ಅದರಲ್ಲಿಯೇ ಇರುತ್ತದೆ. ೨೦೦೦ನೆಯ ಇಸವಿಯ ವೇಳೆಗೆ ನಮ್ಮ ದೇಶದ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಲಾಯಿತು. ಅದಕ್ಕೆ ಮೊದಲು ದಶಕಗಳ ಕಾಲ ಹೊಗೆಯೊಡನೆ ಬೀದಿಗೆ ಬಿದ್ದ ಸೀಸ ಎಲ್ಲಿಯೂ ಮಾಯವಾಗತಕ್ಕುದಲ್ಲ. ಕೆರೆಯ ಕೆಸರನ್ನು ಪದರ ಪದರವಾಗಿ ಬಿಡಿಸಿ ನೋಡಿದರೆ ಸೀಸದ ಕಾಲ, ಮಾರ್ಜಕದ ಕಾಲ, ಟೈರಿನ ಕಾಲಗಳು ಒಂದರ ಮೇಲೊಂದರಂತೆ ದೊರೆಯಬೇಕು. ಕಡತಗಳಲ್ಲಿ ಬರೆಯದೆ ಬಿಟ್ಟ ನಗರದ ಚರಿತ್ರೆಗೆ ಇದಕ್ಕಿಂತ ಪ್ರಾಮಾಣಿಕವಾದ ಆಕರ ಇರಲಾರದೆಂದು ನಮಗೆ ತೋರುತ್ತದೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಬೆಳ್ಳಂದೂರು, ವರ್ತೂರುಗಳಲ್ಲಿ ಹೂಳೆತ್ತುವ ಕೆಲಸ ನಡೆದು ಆ ಪದರಗಳು ಲಾರಿಗಳಲ್ಲಿ ಹೊರಗೆ ಹೋಗಿವೆ. ಹಾಗೆ ತೆಗೆದ ಗೋಡನ್ನು ಯಾವ ಹೊಲಕ್ಕೆ ಹಾಕಬಹುದು, ಯಾವುದಕ್ಕೆ ಹಾಕಬಾರದು ಎಂಬುದನ್ನು ಈಗ ಒಕ್ಕಲಿಗ ಮುಟ್ಟಿ ಮೂಸಿ ಹೇಳಲಾರ. ಅದಕ್ಕೆ ಪ್ರಯೋಗಶಾಲೆ ಬೇಕು.